ಗುಲ್ಮಾರ್ಗ್‌ನಲ್ಲಿ ಮಕ್ಕಳ ಸ್ಕೀಯಿಂಗ್ ಚಿತ್ರೀಕರಿಸಲು ಯಾವ ವಿಡಿಯೊ ಕ್ಯಾಮೆರಾ ಒಯ್ಯಬೇಕು?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗದವರು. ಬರುವ ಫೆಬ್ರುವರಿಯಲ್ಲಿ ನನ್ನ ಮಗಳು (13 ವರ್ಷ) ಮತ್ತು ಮಗ (10 ವರ್ಷ) ಗುಲ್ಮಾರ್ಗ್‌ನಲ್ಲಿ ಒಂದು ವಾರ ಸ್ಕೀಯಿಂಗ್ ಕಲಿಯಲಿದ್ದಾರೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಪದಕ ಗೆದ್ದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನದಿಂದ ಮಗಳು ಹಿಡಿದ ಹಠವಿದು. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬಿಟ್ಟರೆ ಬೇರೆಲ್ಲೂ ಹಿಮವನ್ನು ಕಂಡಿರದ ನಮ್ಮ ಮನೆಯವರಿಗೆ ಇದು ದೊಡ್ಡ ಪ್ರಯಾಣವೇ ಸರಿ.

ನಾನು ಸ್ಕೀಯಿಂಗ್ ಮಾಡುವವನಲ್ಲ; ಮಂಡಿಗೆ ಆ ಶಕ್ತಿ ಉಳಿದಿಲ್ಲ. ಇಳಿಜಾರಿನ ಕೆಳಗೆ ನಿಂತು ಮಕ್ಕಳನ್ನು ಚಿತ್ರೀಕರಿಸಬೇಕು, ಸಂಜೆ ಅದನ್ನು ಅವರಿಗೂ ತರಬೇತುದಾರರಿಗೂ ತೋರಿಸಿ ಎಲ್ಲಿ ತಪ್ಪಾಗುತ್ತಿದೆ ಎಂದು ನೋಡಬೇಕು, ಜೊತೆಗೆ ಊರಿಗೆ ಮರಳಿದ ಮೇಲೆ ಅಜ್ಜ ಅಜ್ಜಿಗೆ ತೋರಿಸಲು ಹತ್ತು ನಿಮಿಷದ ಒಂದು ವಿಡಿಯೊ ಕೂಡಿಸಬೇಕು ಎಂಬುದಷ್ಟೇ ನನ್ನ ಆಸೆ. ಅಂಗಡಿಯವರು ಮೈಗೋ ಹೆಲ್ಮೆಟ್ಟಿಗೋ ಕಟ್ಟಿಕೊಳ್ಳುವ, 5.3ಕೆ ಗುಣಮಟ್ಟದ ಪುಟ್ಟ ಆ್ಯಕ್ಷನ್ ಕ್ಯಾಮೆರಾ ಒಂದನ್ನು ಮುಂದಿಟ್ಟು, ಹಿಮಕ್ಕೆ ಇದನ್ನು ಮೀರಿಸಿದ್ದು ಇಲ್ಲ ಎಂದರು. ಕಚೇರಿಯ ಸಹೋದ್ಯೋಗಿಯೊಬ್ಬರು ಹ್ಯಾಂಡಿಕ್ಯಾಮ್ ಸಾಕು ಎನ್ನುತ್ತಾರೆ. ಭಾವಮೈದುನ, ಲೆನ್ಸ್ ಬದಲಿಸಬಹುದಾದ ಮಿರರ್‌ಲೆಸ್ ಕ್ಯಾಮೆರಾ ಕೊಂಡರೆ ಮುಂದೆ ಮನೆಯ ಮದುವೆಗಳಿಗೂ ಆದೀತು ಎನ್ನುತ್ತಾನೆ. ಐವತ್ತು ಸಾವಿರ ರೂಪಾಯಿಯವರೆಗೆ ಖರ್ಚು ಮಾಡಬಲ್ಲೆ. ಮನೆಯಲ್ಲಿರುವ ಲ್ಯಾಪ್‌ಟಾಪ್ ಆರು ವರ್ಷ ಹಳೆಯದು. ಅನುಭವ ಇರುವವರು ದಯವಿಟ್ಟು ತಿಳಿಸಿ.

ಬೆಳ್ಳಿತೆರೆ

ತುಂಗಾತೀರ ಅವರೇ, ನಾನು ಹುಬ್ಬಳ್ಳಿಯಲ್ಲಿ ಮದುವೆ ವಿಡಿಯೊಗ್ರಫಿ ಮಾಡುವವನು. ಪ್ರವಾಸಿ ತಂಡಗಳ ಜೊತೆ ಎರಡು ಚಳಿಗಾಲ ಗುಲ್ಮಾರ್ಗ್‌ಗೆ ಹೋಗಿ ಬಂದಿದ್ದೇನೆ. ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಸ್ಕೀ ಕಟ್ಟಿಕೊಂಡು ಇಳಿಯುವವರಿಗೆ ಹೇಳಬೇಕಾದ ಮಾತು. ಕ್ಯಾಮೆರಾ ಇರುವುದು ಇಳಿಯುವವರ ಮೈಮೇಲೋ, ನಿಂತು ನೋಡುವವರ ಕೈಯಲ್ಲೋ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ, 4ಕೆ, 5.3ಕೆ ಎಂಬ ಲೆಕ್ಕಗಳಿಗೆಲ್ಲ ಅರ್ಥ ಬರುವುದು ಆಮೇಲೆ.

ಸಣ್ಣ ಲೆಕ್ಕವೊಂದನ್ನು ನೋಡಿ. ಆ್ಯಕ್ಷನ್ ಕ್ಯಾಮೆರಾದ ಮಸೂರ ಬಹಳ ಅಗಲವಾದ ನೋಟದ್ದು. ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ ಕ್ಯಾಮೆರಾದ ಲೆಕ್ಕದಲ್ಲಿ ಸುಮಾರು 16 ಮಿ.ಮೀ.ಗೆ ಸಮ; ಈ ಅಂಕಿ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ನೂರು ಮೀಟರ್ ದೂರದಲ್ಲಿರುವ ನಾಲ್ಕೂವರೆ ಅಡಿ ಎತ್ತರದ ಮಗು, 4ಕೆ ಚಿತ್ರದ 2160 ಅಡ್ಡಗೆರೆಗಳ ಪೈಕಿ ಇಪ್ಪತ್ತೈದನ್ನೂ ತುಂಬುವುದಿಲ್ಲ. ಬಿಳಿ ಗೋಡೆಯ ಮೇಲೆ ಇರುವೆ ಹರಿದಂತೆ ಕಾಣುತ್ತದೆ. ಯಾವ ಇರುವೆ ನಿಮ್ಮ ಮಗಳು ಎಂಬುದನ್ನು ಅವಳೇ ಬೆರಳಿಟ್ಟು ತೋರಿಸಬೇಕಾದೀತು. ಅದೇ ಜಾಗದಿಂದ 20 ಪಟ್ಟು ಆಪ್ಟಿಕಲ್ ಜೂಮ್ (ಮಸೂರವೇ ಹತ್ತಿರ ತರುವ ಜೂಮ್) ಇರುವ ಹ್ಯಾಂಡಿಕ್ಯಾಮ್‌ನಲ್ಲಿ, ಅಂದರೆ 500 ಮಿ.ಮೀ. ದಾಟುವ ನೋಟದಲ್ಲಿ, ಮಗು ಚೌಕಟ್ಟಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬುತ್ತದೆ. ಮೊಣಕಾಲು ಬಾಗಿದೆಯೇ, ಸ್ಕೀಗಳ ಮುಂತುದಿ ಹತ್ತಿರ ಬಂದು ಹಿಂಬದಿ ಅಗಲಿಸಿ ಸ್ನೋಪ್ಲೌ ಸರಿಯಾಗಿ ಕೂತಿದೆಯೇ, ಭಾರ ಹಿಂದಕ್ಕೆ ವಾಲಿದೆಯೇ ಎಂದು ತರಬೇತುದಾರರಿಗೆ ಬೇಕಾದುದೆಲ್ಲ ಆಗ ಕಾಣುತ್ತದೆ. ಡಿಜಿಟಲ್ ಜೂಮ್ ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ಅಂಕಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಮಾದರಿಗಳ ಮಾತಿಗೆ ಬಂದರೆ, ಸೋನಿಯ ಎಎಕ್ಸ್43 ಮತ್ತು ಎಎಕ್ಸ್53 ಎರಡೂ 20 ಪಟ್ಟು ಆಪ್ಟಿಕಲ್ ಜೂಮ್ ಇರುವ 4ಕೆ ಹ್ಯಾಂಡಿಕ್ಯಾಮ್‌ಗಳು, ಎರಡರಲ್ಲೂ ಕೈನಡುಕವನ್ನು ಮಸೂರವೇ ತಡೆದುಕೊಳ್ಳುವ ಏರ್ಪಾಡು ಚೆನ್ನಾಗಿದೆ. ನಾನು ಹಳೆಯದಾದ ಎಎಕ್ಸ್53 ಅನ್ನೇ ಆರಿಸುತ್ತೇನೆ. ಅದರಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇದೆ, 43ರಲ್ಲಿ ಇಲ್ಲ. ಮನೆಯಲ್ಲಿ ಕುಳಿತು ಕೊಳ್ಳುವವರಿಗೆ ಇದು ಸಣ್ಣ ವಿಷಯವೆನಿಸಬಹುದು. ಮಧ್ಯಾಹ್ನ ಹನ್ನೆರಡರ ಬಿಸಿಲು ಮೇಲಿನಿಂದಲೂ ಹಿಮದ ಮೇಲಿಂದಲೂ ಹೊಡೆಯುವಾಗ ಬದಿಯ ಪರದೆಯಲ್ಲಿ ನಿಮ್ಮ ಮುಖವೇ ಕಾಣುತ್ತದೆ ಹೊರತು ಮಕ್ಕಳು ಕಾಣುವುದಿಲ್ಲ. ಮೊದಲ ಚಳಿಗಾಲದಲ್ಲಿ ನಾನು ಜಾಕೆಟ್ಟನ್ನು ತಲೆಯ ಮೇಲೆ ಹೊದ್ದು, ಹಳೆಯ ಕಾಲದ ಸ್ಟುಡಿಯೊದವರ ಹಾಗೆ ಒಳಗೆ ಇಣುಕಿ ಚಿತ್ರೀಕರಿಸಿದ್ದೆ. ಇನ್ನೊಂದು ದಾರಿ ಪ್ಯಾನಾಸೋನಿಕ್ ಎಫ್‌ಝಡ್300. 24 ಪಟ್ಟು ಜೂಮ್, ನೀರಿನ ಹನಿ ಬಿದ್ದರೆ ತಡೆಯುವ ಮೈಕಟ್ಟು, ವ್ಯೂಫೈಂಡರ್, 4ಕೆ ಎಲ್ಲವೂ ಇವೆ, ಫೋಟೊಗೂ ಆಗುತ್ತದೆ.

ಮಿರರ್‌ಲೆಸ್ ಬಗ್ಗೆ ನಿಮ್ಮ ಭಾವಮೈದುನ ಹೇಳಿದ್ದು ಮದುವೆಗೆ ಸರಿ. ಇಷ್ಟು ದೂರ ಎಟುಕುವ ಲೆನ್ಸಿನ ಬೆಲೆ ಸೇರಿಸಿದರೆ ನಿಮ್ಮ ಐವತ್ತು ಸಾವಿರ ಎಲ್ಲಿಯೂ ಸಾಲದು.

ಕ್ಯಾಮೆರಾಕ್ಕಿಂತ ಹೆಚ್ಚು ಜನ ಎಡವುವುದು ಬೆಳಕಿನಲ್ಲಿ. ಕ್ಯಾಮೆರಾದ ಮೀಟರ್ ಯಾವ ದೃಶ್ಯವನ್ನೂ ಮಧ್ಯಮ ಬೂದು ಬಣ್ಣಕ್ಕೆ ಇಳಿಸಲು ನೋಡುತ್ತದೆ. ಚೌಕಟ್ಟಿನ ತುಂಬ ಹಿಮವಿದ್ದಾಗ ಅದು ಬೆಳಕು ಬಹಳ ಹೆಚ್ಚಾಯಿತೆಂದು ತಿಳಿದು ಕತ್ತಲು ಮಾಡುತ್ತದೆ. ಹಾಗಾಗಿ ಆಟೊದಲ್ಲಿ ಬಿಟ್ಟರೆ ಹಿಮ ಒಲೆಯ ಬೂದಿಯಂತಾಗುತ್ತದೆ, ಮಕ್ಕಳ ಮುಖ ಮಸಿಯಾಗುತ್ತದೆ. ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು +0.7ರಿಂದ +1.3ರವರೆಗೆ ಏರಿಸಿ. ಬೆಳಕು ಅತಿಯಾದ ಕಡೆ ಪರದೆಯಲ್ಲಿ ಗೆರೆ ಮೂಡಿಸುವ ಜೀಬ್ರಾ ಪಟ್ಟೆಯ ಸೌಲಭ್ಯವಿದ್ದರೆ ಹಾಕಿಕೊಳ್ಳಿ. ಹಿಮದ ಅತಿ ಹೊಳೆಯುವ ಕೆಲವು ಕಡೆ ಮಾತ್ರ ಪಟ್ಟೆ ಮೂಡಿದರೆ ಸರಿ, ಇಡೀ ಇಳಿಜಾರು ಪಟ್ಟೆಯಾದರೆ ಹಿಮದ ಮೇಲಿನ ಗೆರೆ, ಏರಿಳಿತಗಳೆಲ್ಲ ಅಳಿಸಿಹೋಗಿವೆ ಎಂದರ್ಥ.

ಷಟರ್ ವೇಗದ ಬಗ್ಗೆ ಯೂಟ್ಯೂಬ್‌ನಲ್ಲಿ, 25 ಫ್ರೇಮಿಗೆ 1/50 ಇರಬೇಕು, ಅದಕ್ಕೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಬೇಕು ಎಂದು ಹೇಳುವವರು ಸಿಗುತ್ತಾರೆ. ಸಿನಿಮಾದಂತೆ ಕಾಣಬೇಕೆಂದರೆ ಅದು ಸರಿ. ನೀವು ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ಕಾಲಿನ ಭಂಗಿ ನೋಡುವವರು. ಆದ್ದರಿಂದ 1/500 ಅಥವಾ ಇನ್ನೂ ವೇಗವಾಗಿಡಿ, ಸಾಧ್ಯವಿದ್ದರೆ ಸೆಕೆಂಡಿಗೆ 50 ಫ್ರೇಮ್ ತೆಗೆಯಿರಿ, ಅದಕ್ಕಾಗಿ 4ಕೆ ಬಿಟ್ಟು ಫುಲ್ ಎಚ್‌ಡಿಗೆ ಇಳಿಯಬೇಕಾದರೂ ಇಳಿಯಿರಿ. ಹಿಮ ಬೀಳುತ್ತಿರುವಾಗ ಆಟೊಫೋಕಸ್ ಮಕ್ಕಳನ್ನು ಬಿಟ್ಟು ಎದುರಿನ ಹಿಮದ ಹಳಕುಗಳನ್ನು ಹಿಡಿಯಲು ಓಡುತ್ತದೆ. ಮಕ್ಕಳು ಬರುವ ದಾರಿಯಲ್ಲಿರುವ ಕಂಬವೊಂದಕ್ಕೆ ಫೋಕಸ್ ಮಾಡಿ ಅಲ್ಲಿಗೆ ಕೈಯಾರೆ ಬಿಗಿ ಮಾಡಿಬಿಡಿ. ಇನ್ನೊಂದು ಮಾತು, ಮಕ್ಕಳಿಗೆ ಕೆಂಪೋ ಕಿತ್ತಳೆಯೋ ಜಾಕೆಟ್ ತೊಡಿಸಿ. ಮೋಡ ಕವಿದ ದಿನ ಆಕಾಶ, ನೆಲ ಎರಡೂ ಒಂದೇ ಹಾಲುಬಣ್ಣವಾದಾಗ, ಎಷ್ಟು ಬೆಲೆಯ ಕ್ಯಾಮೆರಾವೂ ಬಿಳಿ ಜಾಕೆಟ್ಟಿನ ಮಗುವನ್ನು ಬೇರ್ಪಡಿಸಿ ತೋರಿಸಲಾರದು. ಅಂಥ ದಿನ ಹಿಂದೆ ಪೈನ್ ಮರಗಳು ಬರುವಂತೆ ನಿಂತುಕೊಳ್ಳಿ.

ಹಿಮದೂರು

ನಾನು ಮೂಲತಃ ಸಾಗರದವಳು, ಈಗ ಕೆನಡಾದ ಕ್ಯಾಲ್ಗರಿಯಲ್ಲಿದ್ದೇನೆ. 1988ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಆಲ್ಪೈನ್ ಸ್ಪರ್ಧೆಗಳು ನಡೆದ ನಕಿಸ್ಕಾ ಇಲ್ಲಿಂದ ಸುಮಾರು ಒಂದು ಗಂಟೆಯ ದಾರಿ, ನನ್ನ ಮಕ್ಕಳು ಕಲಿತದ್ದು ಅಲ್ಲಿಯೇ. ಬೆಳ್ಳಿತೆರೆ ಅವರು ಬೆಳಕಿನ ಬಗ್ಗೆ ಬರೆದಿದ್ದನ್ನು ಒಪ್ಪುತ್ತೇನೆ. ಚಳಿಯ ಬಗ್ಗೆ ಅವರು ಏನೂ ಹೇಳಲಿಲ್ಲ, ನನಗೆ ಅದೇ ದೊಡ್ಡದು.

ಹೆಚ್ಚಿನ ಹ್ಯಾಂಡಿಕ್ಯಾಮ್‌ಗಳ ಕೈಪಿಡಿ ತೆರೆದರೆ 0ರಿಂದ 40 ಡಿಗ್ರಿ ಸೆಲ್ಸಿಯಸ್‌ವರೆಗೆ ಬಳಸಿ ಎಂದಿರುತ್ತದೆ. ಐಫೋನ್‌ಗೂ ತಯಾರಕರು ಹೇಳುವುದು 0ರಿಂದ 35 ಡಿಗ್ರಿ. ಗುಲ್ಮಾರ್ಗ್ ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿದೆ; ಕಾಶ್ಮೀರಿಗಳು ಚಿಲ್ಲೈ ಕಲಾನ್ ಎನ್ನುವ ನಲವತ್ತು ದಿನಗಳ ಕಡು ಚಳಿ ಜನವರಿ ಕೊನೆಗೆ ಮುಗಿದರೂ, ಫೆಬ್ರುವರಿಯ ಬೆಳಗುಗಳು ಸೊನ್ನೆಗಿಂತ ಚೆನ್ನಾಗಿಯೇ ಕೆಳಗಿರುತ್ತವೆ. ಸೊನ್ನೆಯ ಕೆಳಗೆ ಕ್ಯಾಮೆರಾ ತಕ್ಷಣ ಕೆಡುತ್ತದೆ ಎಂದಲ್ಲ. ಲಿಥಿಯಂ ಬ್ಯಾಟರಿಯ ಒಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ ಒಳತಡೆ ಹೆಚ್ಚುತ್ತದೆ, ಅರ್ಧಕ್ಕಿಂತ ಹೆಚ್ಚು ಚಾರ್ಜ್ ತೋರಿಸುತ್ತಿದ್ದದ್ದು ಇದ್ದಕ್ಕಿದ್ದಂತೆ ಆರಿಹೋಗುತ್ತದೆ. ಅದು ಖಾಲಿಯಾಗಿರುವುದಿಲ್ಲ, ಮರಗಟ್ಟಿರುತ್ತದೆ. ಒಳಗಿನ ಅಂಗಿಯ ಜೇಬಿನಲ್ಲಿ, ಮೈಗೆ ತಾಗುವಂತೆ ಕಾಲು ಗಂಟೆ ಇಟ್ಟರೆ ಮತ್ತೆ ಜೀವ ಬರುತ್ತದೆ. ಆದ್ದರಿಂದ ಕನಿಷ್ಠ ಮೂರು ಬ್ಯಾಟರಿಗಳಿರಲಿ. ಒಂದು ಕ್ಯಾಮೆರಾದಲ್ಲಿ, ಎರಡು ಎದೆಯ ಬಳಿ, ಸರದಿಯಂತೆ ಬದಲಿಸುತ್ತಿರಿ. ಇಳಿಜಾರಿನಲ್ಲಿಯೇ ಪವರ್ ಬ್ಯಾಂಕಿನಿಂದ ಚಾರ್ಜ್ ಮಾಡಲು ಹೋಗಬೇಡಿ, ಸೊನ್ನೆಯ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಬ್ಯಾಟರಿಗೆ ಶಾಶ್ವತ ಹಾನಿಯಾಗುತ್ತದೆ. ಬರುವಾಗ ಹೆಚ್ಚುವರಿ ಬ್ಯಾಟರಿಗಳನ್ನು ವಿಮಾನದಲ್ಲಿ ಕೈಚೀಲದಲ್ಲಿಯೇ ಇಡಬೇಕು, ಚೆಕ್-ಇನ್ ಪೆಟ್ಟಿಗೆಗೆ ಹಾಕುವಂತಿಲ್ಲ.

ಚಳಿಯ ವಿಷಯದಲ್ಲಿ ಆ್ಯಕ್ಷನ್ ಕ್ಯಾಮೆರಾಗಳು ನಿಜಕ್ಕೂ ಮುಂದಿವೆ. ಗೋಪ್ರೊ 2022ರ ಹೀರೊ 11ರಿಂದ ಚಳಿಗೆಂದೇ ರೂಪಿಸಿದ ಎಂಡ್ಯೂರೊ ಬ್ಯಾಟರಿಯನ್ನು ಜೊತೆಗೇ ಕೊಡುತ್ತಿದೆ. ಡಿಜೆಐನ ಆಸ್ಮೊ ಆ್ಯಕ್ಷನ್ 5 ಪ್ರೊ −20 ಡಿಗ್ರಿಯವರೆಗೆ ಕೆಲಸ ಮಾಡುತ್ತದೆಂದು ತಯಾರಕರು ಹೇಳುತ್ತಾರೆ. ಫೋಕಸ್ ಬದಲಾಗದ ಮಸೂರವಾದ್ದರಿಂದ ಬೀಳುವ ಹಿಮ ಅವುಗಳನ್ನು ದಾರಿ ತಪ್ಪಿಸುವುದೂ ಇಲ್ಲ. ಆದರೆ ಅದೇ ಡಿಜೆಐನ ಪಾಕೆಟ್ 3 ಎಂಬ, ಅಲುಗಾಟ ತಡೆಯುವ ಯಾಂತ್ರಿಕ ಕೈ (ಗಿಂಬಲ್) ಇರುವ ಕ್ಯಾಮೆರಾ ನೋಡಿ ಮರುಳಾಗಬೇಡಿ. ಚಿತ್ರ ಸುಂದರವಾಗಿದ್ದರೂ ಅದು ನೀರು ತಡೆಯುವುದಿಲ್ಲ, ಅದರ ಮಿತಿಯೂ ಸೊನ್ನೆ ಡಿಗ್ರಿ.

ಕೊಳ್ಳುವ ಮುನ್ನ ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿ, ಯಾರು ನಕ್ಕರೂ ಪರವಾಗಿಲ್ಲ. ದಪ್ಪ ಕೈಗವಸು ಹಾಕಿಕೊಂಡು ಕ್ಯಾಮೆರಾ ತೆರೆದು, ಜೂಮ್ ಮಾಡಿ, ರೆಕಾರ್ಡ್ ಒತ್ತಿ ನೋಡಿ. ಟಚ್ ಸ್ಕ್ರೀನ್ ಇಲ್ಲಿ ಕೆಲಸಕ್ಕೆ ಬಾರದು. ಗುಂಡಿ ಬೆರಳಿಗೆ ಸಿಗಬೇಕು, ಒತ್ತಿದ್ದು ಗೊತ್ತಾಗಬೇಕು. ನಾನು ಮೊದಲ ವರ್ಷ ಆ್ಯಕ್ಷನ್ ಕ್ಯಾಮೆರಾದ ಗುಂಡಿಯನ್ನು ಕೈಗವಸಿನಲ್ಲಿಯೇ ಎರಡು ಸಲ ಒತ್ತಿದ್ದೆ, ಹೆಲ್ಮೆಟ್ಟಿನೊಳಗೆ ಬೀಪ್ ಕೇಳಿಸಲಿಲ್ಲ. ಮಗ ಮೊದಲ ಬಾರಿ ಬೀಳದೆ ಕೆಳಗಿಳಿದದ್ದು ದಾಖಲಾಗಲಿಲ್ಲ. ನನ್ನ ಜೇಬಿನೊಳಗಿನ ಕತ್ತಲು ಮಾತ್ರ, ಸರಪರ ಸದ್ದಿನ ಸಮೇತ, ನಲವತ್ತು ನಿಮಿಷ ದಾಖಲಾಗಿತ್ತು.

ಮಕ್ಕಳ ಮೈಮೇಲೂ ಒಂದು ಕ್ಯಾಮೆರಾ ಇರಲಿ ಎನಿಸಿದರೆ ಎದೆಪಟ್ಟಿಗೆ ಹಾಕಿ. ತಲೆಯ ಮೇಲಿನಿಂದ ತೆಗೆದದ್ದರಲ್ಲಿ ಇಳಿಜಾರು ಚಪ್ಪಟೆಯಾಗಿ ಕಾಣುತ್ತದೆ; ಎದೆಯಿಂದ ತೆಗೆದದ್ದರಲ್ಲಿ ಕೈ, ಕೋಲು, ಸ್ಕೀಯ ತುದಿ ಎಲ್ಲವೂ ಚೌಕಟ್ಟಿನೊಳಗೆ ಬಂದು ವೇಗದ ಅನುಭವ ಸಿಗುತ್ತದೆ. 2013ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ಮೆರಿಬೆಲ್‌ನಲ್ಲಿ ಕಾರ್ ರೇಸಿನ ಮೈಕೆಲ್ ಶೂಮಾಕರ್ ಸ್ಕೀಯಿಂಗ್ ಮಾಡುತ್ತಾ ಬಿದ್ದಾಗ ಅವರ ಹೆಲ್ಮೆಟ್ ಮೇಲೆ ಕ್ಯಾಮೆರಾ ಇತ್ತು, ಅದರಿಂದ ಹೆಲ್ಮೆಟ್ಟಿಗೆ ಏಟಾಯಿತೇ ಎಂಬ ಪ್ರಶ್ನೆ ಆಗ ಎದ್ದಿತ್ತು. ಉತ್ತರ ಏನೇ ಇರಲಿ, ಇನ್ನೂ ಬೀಳುವುದನ್ನೇ ಕಲಿಯುತ್ತಿರುವ ಹತ್ತು ವರ್ಷದ ಹುಡುಗನ ತಲೆಯ ಮೇಲೆ ಗಟ್ಟಿ ವಸ್ತುವೊಂದನ್ನು ಅಂಟಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಎದೆಯ ಮೇಲಿದ್ದರೂ, ಮುಂದಕ್ಕೆ ಮುಗ್ಗರಿಸಿದರೆ ಅದು ಪಕ್ಕೆಲುಬಿಗೆ ಒತ್ತೀತು. ಮೊದಲ ಮೂರು ದಿನ ಮಕ್ಕಳ ಮೈಮೇಲೆ ಏನೂ ಬೇಡ.

ಅಲೆಮಾರಿ_ಬೆಂಗಳೂರು

ಇಬ್ಬರೂ 360 ಡಿಗ್ರಿ ಕ್ಯಾಮೆರಾ ಮರೆತಿದ್ದೀರಿ. ಇನ್‌ಸ್ಟಾ360 ಎಕ್ಸ್4ನಂಥದ್ದನ್ನು ಕೋಲಿಗೆ ಸಿಕ್ಕಿಸಿದರೆ ಸುತ್ತಲಿನದೆಲ್ಲ ದಾಖಲಾಗುತ್ತದೆ, ಕೋಲು ಚಿತ್ರದಲ್ಲಿ ಕಾಣುವುದೇ ಇಲ್ಲ, ಯಾವ ಕಡೆ ನೋಡಬೇಕು ಎಂಬುದನ್ನು ಮನೆಯಲ್ಲಿ ಕುಳಿತು ಆರಿಸಬಹುದು. ಇಲ್ಲವೇ ಸಣ್ಣ ಡ್ರೋನ್ ಒಯ್ಯಿರಿ, ಮೇಲಿನಿಂದ ತೆಗೆದ ದೃಶ್ಯಕ್ಕೆ ಸಮ ಬೇರೆ ಇಲ್ಲ.

ಬೆಳ್ಳಿತೆರೆ

ಅಲೆಮಾರಿ ಅವರೇ, ಡ್ರೋನ್ ಮಾತ್ರ ಬೇಡ. ಗುಲ್ಮಾರ್ಗ್ ಗಡಿ ನಿಯಂತ್ರಣ ರೇಖೆಗೆ ಹತ್ತಿರದ ಊರು. ಅನುಮತಿಯಿಲ್ಲದೆ ಹಾರಿಸಿದರೆ ಪ್ರವಾಸದ ಉಳಿದ ದಿನಗಳು ಪೊಲೀಸ್ ಠಾಣೆಯಲ್ಲಿ ಕಳೆದಾವು. 360 ಕ್ಯಾಮೆರಾ, ಸ್ಕೀಯಿಂಗ್ ಚೆನ್ನಾಗಿ ಬಲ್ಲವರಿಗೆ ಒಳ್ಳೆಯದು, ಆದರೆ ಅದನ್ನು ಹಿಡಿದು ಇಳಿಯಲು ಒಂದು ಕೈ ಬೇಕು. ಕಲಿಯುವ ಮಕ್ಕಳಿಗೆ ಇರುವ ಎರಡು ಕೈಯೂ ಸಾಲವು. ಕೆಳಗೆ ನಿಂತವರ ಕೈಯಲ್ಲಿ ಅದು ಮಕ್ಕಳನ್ನು ಆ್ಯಕ್ಷನ್ ಕ್ಯಾಮೆರಾಕ್ಕಿಂತಲೂ ಚಿಕ್ಕದಾಗಿ ತೋರಿಸುತ್ತದೆ, ಮತ್ತೆ ಅದೇ ಇರುವೆ ಕಥೆ.

ತುಂಗಾತೀರ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ನಿನ್ನೆ ಅಂಗಡಿಗೆ ಸ್ಕೂಟರಿನ ಚರ್ಮದ ಕೈಗವಸು ಒಯ್ದು ಹಿಮದೂರು ಅವರು ಹೇಳಿದ ಪರೀಕ್ಷೆ ಮಾಡಿದೆ. ಹ್ಯಾಂಡಿಕ್ಯಾಮ್‌ನ ಜೂಮ್ ಸನ್ನೆ ಬೆರಳಿಗೆ ಸುಲಭವಾಗಿ ಸಿಕ್ಕಿತು, ರೆಕಾರ್ಡ್ ಗುಂಡಿ ಹೆಬ್ಬೆರಳಿನ ಕೆಳಗೇ ಇತ್ತು. ಆದರೆ ವ್ಯೂಫೈಂಡರ್ ಇರುವ ಹ್ಯಾಂಡಿಕ್ಯಾಮ್ ಹೊಸದಾಗಿ ಅಂಗಡಿಯಲ್ಲಿ ಸಿಗಲಿಲ್ಲ. ಈಗ ಅವನ್ನು ತರಿಸುವುದೇ ಕಡಿಮೆಯಾಗಿದೆಯಂತೆ. ಬೆಂಗಳೂರಿನಲ್ಲಿ ಬಾಡಿಗೆಗೆ ಸಿಕ್ಕೀತೇ? ಎದೆಪಟ್ಟಿಗೆ ಒಂದು ಸಾಧಾರಣ ಆ್ಯಕ್ಷನ್ ಕ್ಯಾಮೆರಾ ಮಾತ್ರ ಕೊಳ್ಳುವುದು ಸರಿಯೇ? ನನ್ನ ಹಳೆಯ ಲ್ಯಾಪ್‌ಟಾಪ್ ಇದನ್ನೆಲ್ಲ ತಡೆದೀತೇ? ಮತ್ತೊಂದು ಸಂಶಯವೆಂದರೆ, ಹೋಟೆಲಿನ ಕೋಣೆಯಲ್ಲಿ ಬುಖಾರಿ ಒಲೆ ಉರಿಯುತ್ತಿರುತ್ತದೆಯಂತೆ. ಹೊರಗಿನಿಂದ ಕ್ಯಾಮೆರಾ ಒಳಗೆ ತಂದಾಗ ಏನಾದರೂ ತೊಂದರೆಯೇ?

ಬೆಳ್ಳಿತೆರೆ

ಬಾಡಿಗೆಯೇ ಜಾಣತನ. ಬೆಂಗಳೂರಿನಲ್ಲಿ ದಿನದ ಲೆಕ್ಕದಲ್ಲಿ ಕ್ಯಾಮೆರಾ ಕೊಡುವ ಅಂಗಡಿಗಳು ಬಹಳ ಇವೆ. ಗುರುತಿನ ಚೀಟಿ ಮತ್ತು ಠೇವಣಿ ಕೇಳುತ್ತಾರೆ. ತೆಗೆದುಕೊಳ್ಳುವಾಗ ಅವರೆದುರೇ ಮಸೂರದ ಗೀರು, ಜೂಮ್ ಸನ್ನೆಯ ಚಲನೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದನ್ನು ನೋಡಿ ಫೋಟೊ ತೆಗೆದಿಟ್ಟುಕೊಳ್ಳಿ. ನನಗೊಮ್ಮೆ ಬಂದ ಬಾಡಿಗೆ ಬ್ಯಾಟರಿ, ಹುಬ್ಬಳ್ಳಿಯ ಸೆಕೆಯಲ್ಲೇ ಅರ್ಧ ಗಂಟೆ ಬರುತ್ತಿರಲಿಲ್ಲ. ಚಳಿಗೆ ಅದನ್ನು ಒಯ್ದಿದ್ದರೆ ಏನಾಗುತ್ತಿತ್ತೋ. ಹೊರಡುವ ವಾರ ಮೊದಲೇ ಎರಡು ದಿನಕ್ಕೆ ತಂದು, ತುಂಗೆಯ ದಡದಲ್ಲಿ ಮಕ್ಕಳು ಸೈಕಲ್ ಹೊಡೆಯುವುದನ್ನು ಜೂಮ್ ಮಾಡಿ ಹಿಂಬಾಲಿಸಿ ಕೈ ಪಳಗಿಸಿಕೊಳ್ಳಿ. ಓಡುವವರನ್ನು ಚೌಕಟ್ಟಿನಲ್ಲಿ ಉಳಿಸಿಕೊಳ್ಳುವುದು ಮೊದಲ ದಿನವೇ ಬರುವ ವಿದ್ಯೆಯಲ್ಲ. ಜೂಮನ್ನು ಕೊನೆಯವರೆಗೆ ಎಳೆಯದೆ, ಮಗುವಿನ ಮುಂದೆ ಸ್ವಲ್ಪ ಜಾಗ ಬಿಟ್ಟು ಹಿಡಿಯಿರಿ. ಮೂವತ್ತರಿಂದ ಐವತ್ತು ಮೀಟರ್ ಕೆಳಗೆ, ಇಳಿಯುವ ದಾರಿಯಿಂದ ಪಕ್ಕಕ್ಕೆ ಸರಿದು ನಿಂತರೆ ಸ್ಕೀಗಳ ತುದಿಯೂ ಕಾಣುತ್ತದೆ, ನಿಮಗೆ ಡಿಕ್ಕಿಯೂ ಆಗುವುದಿಲ್ಲ. ಏಕಕಾಲು ಕೋಲು, ಅಂದರೆ ಮೊನೊಪಾಡ್, ಒಂದಿರಲಿ. ಮೂರು ಕಾಲಿನದನ್ನು ಹಿಮದಲ್ಲಿ ಹೂತು ನಿಲ್ಲಿಸುವಷ್ಟರಲ್ಲಿ ಮಕ್ಕಳು ಕೆಳಗಿಳಿದಿರುತ್ತಾರೆ.

ಲ್ಯಾಪ್‌ಟಾಪಿನ ವಿಷಯದಲ್ಲಿ ಎಚ್ಚರಿಕೆ ಬೇಕು. ಈಚಿನ ಆ್ಯಕ್ಷನ್ ಕ್ಯಾಮೆರಾಗಳು ಹೆಚ್ಚು ಗುಣಮಟ್ಟದಲ್ಲಿ ಎಚ್‌ಇವಿಸಿ ಎಂಬ ಬಿಗಿಯಾಗಿ ಸಂಕುಚಿಸಿದ ರೂಪದಲ್ಲಿ ದಾಖಲಿಸುತ್ತವೆ. ಹಳೆಯ ಯಂತ್ರ ಅದನ್ನು ತೆರೆದರೂ ತಡವರಿಸಬಹುದು. ಆಮೇಲೆ ಬಣ್ಣ ತಿದ್ದುವವರಿಗೆಂದು ಇರುವ 10 ಬಿಟ್, ಲಾಗ್ ಎಂಬ ಆಯ್ಕೆಗಳನ್ನೆಲ್ಲ ಮುಚ್ಚಿಡಿ, ಫುಲ್ ಎಚ್‌ಡಿಯಲ್ಲಿ ತೆಗೆಯಿರಿ. ಸೆಕೆಂಡಿಗೆ 100 ಮೆಗಾಬಿಟ್‌ನಂತೆ 4ಕೆ ತೆಗೆದರೆ ಒಂದು ಗಂಟೆಗೆ 45 ಜಿಬಿ ಆಗುತ್ತದೆ, ಫುಲ್ ಎಚ್‌ಡಿಯಲ್ಲಿ ಅದರ ಅರ್ಧ ಅಥವಾ ಇನ್ನೂ ಕಡಿಮೆ ಸಾಕು. ಮೆಮೊರಿ ಕಾರ್ಡಿನ ಮೇಲೆ ವಿ30 ಎಂಬ ವೇಗದ ಗುರುತು ಇರಲಿ. ಒಂದೇ ದೊಡ್ಡ ಕಾರ್ಡಿನ ಬದಲು 64 ಜಿಬಿಯ ಎರಡು ಮೂರು ಇಟ್ಟುಕೊಳ್ಳಿ, ಹಿಮದಲ್ಲಿ ಒಂದು ಬಿದ್ದುಹೋದರೆ ಇಡೀ ವಾರ ಹೋಗುವುದಿಲ್ಲ.

ಹಿಮದೂರು

ಬುಖಾರಿಯ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ತಣ್ಣನೆಯ ಕ್ಯಾಮೆರಾವನ್ನು ಬೆಚ್ಚನೆಯ ಕೋಣೆಗೆ ಹಾಗೆಯೇ ತಂದರೆ, ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿಯ ಹೊರಗೆ ಹನಿ ಕಟ್ಟುವಂತೆ, ಅದರ ಹೊರಗೂ ಒಳಗೂ ತೇವ ಕಟ್ಟುತ್ತದೆ. ಮತ್ತೆ ಚಳಿಗೆ ಒಯ್ದರೆ ಆ ತೇವ ಮಸೂರದ ಹಿಂದೆ ಹೆಪ್ಪುಗಟ್ಟುತ್ತದೆ. ಹೊರಗೆ ಇರುವಾಗಲೇ ಕಾರ್ಡನ್ನೂ ಬ್ಯಾಟರಿಯನ್ನೂ ತೆಗೆದುಕೊಂಡು, ಕ್ಯಾಮೆರಾವನ್ನು ಅಡುಗೆಮನೆಯ ಜಿಪ್ ಚೀಲಕ್ಕೆ ಹಾಕಿ, ಗಾಳಿಯನ್ನು ಹಿಂಡಿ ಮುಚ್ಚಿ, ಆಮೇಲೆ ಒಳಗೆ ಬನ್ನಿ. ತೇವ ಕಟ್ಟಿದರೂ ಚೀಲದ ಹೊರಮೈಗೇ ಕಟ್ಟುತ್ತದೆ. ಎರಡು ಗಂಟೆ ತೆರೆಯಬೇಡಿ. ಬುಖಾರಿಯ ಹತ್ತಿರವಂತೂ ಇಡಲೇಬೇಡಿ, ಬಾಗಿಲ ಪಕ್ಕದ ಮೂಲೆ ಸಾಕು. ಮಧ್ಯಾಹ್ನ ಚಹಾ ಕುಡಿಯಲು ಹತ್ತು ನಿಮಿಷ ಒಳಗೆ ಹೋಗುವಾಗ ಕ್ಯಾಮೆರಾವನ್ನು ಚೀಲದಿಂದ ಹೊರತೆಗೆಯದಿದ್ದರೆ ಆಯಿತು.

ಮಸೂರದ ಮೇಲೆ ಹಿಮದ ಕಣ ಕೂತಾಗ ಕನ್ನಡಕಕ್ಕೆ ಊದುವಂತೆ ಬಾಯಿಯಿಂದ ಊದಬೇಡಿ. ಉಸಿರಿನ ತೇವ ಅಲ್ಲಿಯೇ ಮಂಜುಗಡ್ಡೆಯ ಪೊರೆಯಾಗುತ್ತದೆ, ಆಮೇಲೆ ಉಗುರಿನಿಂದ ಕೆರೆಯುವ ಹಾಗೂ ಇರುವುದಿಲ್ಲ. ರಬ್ಬರಿನ ಗಾಳಿ ಬಲ್ಬ್ ಅಥವಾ ಮೃದುವಾದ ಕುಂಚ ಒಯ್ಯಿರಿ. ಎರಡು ಒಣ ಬಟ್ಟೆಯ ತುಂಡುಗಳಿರಲಿ, ಒಂದು ಒದ್ದೆಯಾದರೆ ಇನ್ನೊಂದು.

ತುಂಗಾತೀರ

ಹಾಗಾದರೆ ವ್ಯೂಫೈಂಡರ್ ಇರುವ ಹ್ಯಾಂಡಿಕ್ಯಾಮ್ ಬಾಡಿಗೆಗೆ, ಮೂರು ಬ್ಯಾಟರಿಗಳ ಸಮೇತ. ಆ್ಯಕ್ಷನ್ ಕ್ಯಾಮೆರಾವನ್ನು ನಾಲ್ಕನೆಯ ದಿನದಿಂದ ಮಗಳ ಎದೆಪಟ್ಟಿಗೆ. ಮಗನಿಗೆ ಇದನ್ನು ಇನ್ನೂ ಹೇಳಿಲ್ಲ. ಜಿಪ್ ಚೀಲಗಳನ್ನು ನನ್ನ ಹೆಂಡತಿ ಈಗಲೇ ಅವರೆಕಾಳು ತುಂಬಲೆಂದು ತೆಗೆದಿಟ್ಟಿದ್ದಾಳೆ, ಅದರಲ್ಲಿ ಎರಡನ್ನು ಕೇಳಿ ಪಡೆಯಬೇಕು.